ನೀಲಿ ಗೌನಿನ ನೆರಿಗೆ

ನೆಸ್ರಿನ್‌ಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆ ಮನೆಯಲ್ಲಿ ಅಂಥ ಕೈ ಇದ್ದದ್ದು ತಂಗಿ ಶೈಮಾಳಿಗೆ. ಅವಳನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ನೆಸ್ರಿನ್ ಈಗ ಸ್ಫಾಕ್ಸ್ ಊರಿನ ಲಮ್ಜೆದ್‌ನ ಇಂಟರ್ನೆಟ್ ಅಂಗಡಿಯಲ್ಲಿ, ಗೋಡೆ ಪಕ್ಕದ ಮೂರನೇ ಕಂಪ್ಯೂಟರಿನ ಮುಂದೆ, ಕೋಟಿನ ಗುಂಡಿ ಬಿಚ್ಚದೆ ಕೂತಿದ್ದಳು. ಶೈಮಾ ತೀರಿಕೊಂಡಳು ಎಂದು ಒಂದು ಸಾಲು ಬರೆದು ಎದ್ದುಹೋಗಬೇಕೆಂದು ಬಂದಿದ್ದಳು.

ಬರೆಯಬೇಕಾಗಿದ್ದದ್ದು ‘ವಿತ್ರಿನ್’ ಎಂಬ ಫ್ರೆಂಚ್ ತಾಣದಲ್ಲಿ. ಲಿಯೇಜ್, ಲಿಯೋನ್, ಮಾಂಟ್ರಿಯಲ್ ಎಂದು ಎಲ್ಲೆಲ್ಲಿಯದೋ ಹುಡುಗಿಯರು ಅಲ್ಲಿ ಸೇರಿ, ಪರದೆಯ ಮೇಲೆ ಚುಕ್ಕೆಗೆ ಚುಕ್ಕೆ ಕೂಡಿಸಿ ಹೆಬ್ಬೆರಳುದ್ದದ ಪಿಕ್ಸೆಲ್ ಗೊಂಬೆಗಳನ್ನು ಮಾಡುತ್ತಿದ್ದರು. ಆ ಚಳಿಗಾಲ ಅಲ್ಲಿ ಮಾಡೆಲ್ ಸ್ಪರ್ಧೆ ನಡೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಗೊಂಬೆ, ವಾರಕ್ಕೊಂದು ಜಾಹೀರಾತು. ಒಂದು ವಾರ ಶಾಂಪೂ, ಒಂದು ವಾರ ಕಾಫಿ, ಒಂದು ವಾರ ಕೊಡೆ. ಮುಖ ಅದೇ ಇರಬೇಕು. ಬಟ್ಟೆ, ಕೂದಲು, ನಿಲ್ಲುವ ಭಂಗಿ ಎಲ್ಲ ಹೊಸದಾಗಿ ಮಾಡಬೇಕು. ವಾರದ ಕೊನೆಗೆ ಒಂದು ಗೊಂಬೆ ಹೊರಗೆ ಹೋಗುತ್ತಿತ್ತು.

ಶೈಮಾಳ ಗೊಂಬೆಯ ಹೆಸರು ದೋರ್ರಾ. ರಕ್ತ ತೊಳೆಸಲು, ಡಯಾಲಿಸಿಸ್‌ಗೆಂದು, ಆಸ್ಪತ್ರೆಗೆ ಹೋಗಬೇಕಿಲ್ಲದ ದಿನಗಳಲ್ಲಿ ಅವಳು ಇದೇ ಕುರ್ಚಿಯಲ್ಲಿ ಕೂತು, ಗೊಂಬೆಯ ಒಂದು ತೋಳಿಗೆ ಒಂದು ಮಧ್ಯಾಹ್ನ ಕಳೆಯುತ್ತಿದ್ದಳು. ಕೊನೆಗೆ ಹಾಸಿಗೆಯಿಂದ ಏಳಲಾಗದೆ ಹೋದಾಗ ತನ್ನ ಗುಪ್ತಪದವನ್ನು ಅಕ್ಕನಿಗೆ ಹೇಳಿ, ಮುಂದಿನ ಸುತ್ತಿಗೆ ಹೋದೆನಾ ನೋಡಿಕೊಂಡು ಬಾ ಎಂದಿದ್ದಳು. ನೆಸ್ರಿನ್ ನಾಳೆ ನೋಡುತ್ತೇನೆ ಎಂದಿದ್ದಳು.

ಪುಟ ತೆರೆದುಕೊಂಡಿತು. ಉಳಿದ ನಾಲ್ಕು ಗೊಂಬೆಗಳಲ್ಲಿ ದೋರ್ರಾ ಮೊದಲನೆಯವಳು. ಕೆಳಗೆ ಕೊನೆಯ ಸುತ್ತಿನ ವಿಷಯ: ಸುಗಂಧದ ಜಾಹೀರಾತು, ಭಾನುವಾರದೊಳಗೆ. ಅದರ ಕೆಳಗೆ ಹುಡುಗಿಯರ ಅಭಿನಂದನೆಗಳು. ಲಿಯೋನಿನ ಒಬ್ಬಳು ಬರೆದಿದ್ದಳು: “ಎಲ್ಲಿ ಮಾಯ ಆದೆ ಮಹಾರಾಣಿ? ಬೇಗ ಬಾ, ನೀನಿಲ್ದೆ ಗೆದ್ರೆ ನನಗೇ ನಾಚಿಕೆ.”

ನೆಸ್ರಿನ್ ‘ಶೈಮಾ’ ಎಂದು ಟೈಪ್ ಮಾಡಿ ನಿಲ್ಲಿಸಿದಳು. ಊರಿಡೀ ಶೈಮಾ ಸತ್ತಿದ್ದಳು. ಮನೆಯಲ್ಲಿ, ಓಣಿಯಲ್ಲಿ, ಮಸೀದಿಯಲ್ಲಿ, ಬ್ರೆಡ್ಡಿನ ಅಂಗಡಿಯಲ್ಲಿ ಕೂಡ. ಇಲ್ಲೊಂದು ಕಡೆ ಸತ್ತಿರಲಿಲ್ಲ. ಬರೆದದ್ದನ್ನು ಅಳಿಸಿ, ತಂಗಿಯ ಹೆಸರಿನಲ್ಲೇ ಬೇರೆ ಬರೆದಳು: ಹುಷಾರಿರಲಿಲ್ಲ, ಭಾನುವಾರಕ್ಕೆ ಕೊಡ್ತೀನಿ.

ಮನೆಯಲ್ಲಿ ಟಿವಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು. ಅಕ್ಕಪಕ್ಕದವರು ತಂದುಕೊಟ್ಟ ಗೋಧಿ ರವೆಯ ಕುಸ್‌ಕುಸ್ ಪಾತ್ರೆಗಳು ಅಡುಗೆಮನೆಯ ನೆಲದ ಮೇಲೆ ಸಾಲಾಗಿದ್ದವು. ಯಾವ ಪಾತ್ರೆ ಯಾರದೆಂದು ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ, ಅಮ್ಮ ಮಾತಾಡುತ್ತಿರಲಿಲ್ಲ. ಸೋದರತ್ತೆ ಝಕಿಯಾ ಬಾಗಿಲಲ್ಲೇ ನೆಸ್ರಿನ್‌ಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಇವತ್ತಿಗೂ ಒಂದು ತೊಟ್ಟಿಲ್ವಲ್ಲೇ ಕಣ್ಣಲ್ಲಿ. ಅತ್ತುಬಿಡು ನನ್ನವ್ವ. ಜನ ಏನಂದ್ಕೋತಾರೆ ಅನ್ನೋದು ಆಮೇಲೆ, ಒಳಗೇ ಇಟ್ಕೊಂಡ್ರೆ ನಿನಗೇ ಒಳ್ಳೇದಲ್ಲ.”

“ಪಾತ್ರೆ ತೊಳೀಬೇಕು, ಬಿಡಿ ಅತ್ತೆ,” ಎಂದಳು ನೆಸ್ರಿನ್. ತೊಳೆದಳು. ನೀರು ತಣ್ಣಗಿತ್ತೋ ಬಿಸಿಯಿತ್ತೋ ಅವಳಿಗೆ ತಿಳಿಯಲಿಲ್ಲ.

ಆಲಿವ್ ಎಣ್ಣೆಯ ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಮರುದಿನ ಸಂಜೆ ಕೆಲಸ ಮುಗಿಸಿ ನೇರ ಲಮ್ಜೆದ್‌ನ ಅಂಗಡಿಗೆ ಹೋದಳು. ಮೂರನೇ ಕಂಪ್ಯೂಟರಿನಲ್ಲಿ ಶೈಮಾಳ ಹೆಸರಿನ ಒಂದು ಕಡತಕೋಶವಿತ್ತು. ಒಳಗೆ ನೂರಾರು ಸಣ್ಣ ಚಿತ್ರಗಳು: ಗೊಂಬೆಗಳು, ಅರ್ಧ ಗೊಂಬೆಗಳು, ಬರೀ ಜಡೆಗಳು, ಬರೀ ಬೂಟುಗಳು. ನೆಸ್ರಿನ್ ಮೊದಲು ತಾನೇ ಒಂದು ಕೈ ಬಿಡಿಸಲು ನೋಡಿದಳು. ಅದು ಸೌಟಿನಂತೆ ಬಂತು. ಅಳಿಸಿ, ಕೋಶದೊಳಗಿನ ಒಂದು ಚಿತ್ರದಿಂದ ಕೈಯನ್ನು ಕತ್ತರಿಸಿ ತಂದು ದೋರ್ರಾಳಿಗೆ ಅಂಟಿಸಿದಳು. ಕೂತಿತು. ಇನ್ನೊಂದರಿಂದ ಕೂದಲು ತಂದಳು. ಮತ್ತೊಂದರಲ್ಲಿ ನೀಲಿ ಗೌನು ಸಿಕ್ಕಿತು. ಸೊಂಟದಿಂದ ಪಾದದವರೆಗೆ ನೆರಿಗೆ, ಒಂದೊಂದು ನೆರಿಗೆಗೆ ಐದಾರು ಬಗೆಯ ನೀಲಿ. ಎಲ್ಲ ಶೈಮಾಳದೇ, ಶೈಮಾಳಿಂದ ತೆಗೆದು ಶೈಮಾಳಿಗೆ ಕೊಡುತ್ತಿದ್ದೇನೆ ಎಂದುಕೊಂಡಳು. ಕತ್ತರಿಸಿ ಅಂಟಿಸುವುದು ಅವಳಿಗೆ ಬರುತ್ತಿದ್ದ ಕೆಲಸ.

ಲಮ್ಜೆದ್ ಹಿಂದೆ ಬಂದು ನಿಂತ. ಅವನದು ದೊಡ್ಡ ಹೊಟ್ಟೆ. ಅದು ಕುರ್ಚಿಯ ಬೆನ್ನಿಗೆ ತಗಲಿತು.

“ಏನು, ನೀನೂ ಶುರು ಹಚ್ಕೊಂಡ್ಯಾ?”

“ಅವಳದ್ದು ಸ್ವಲ್ಪ ಉಳಿದಿತ್ತು. ಮುಗಿಸ್ತಿದೀನಿ.”

“ಮುಗ್ಸು. ನಿನ್ನ ಹತ್ರ ದುಡ್ಡು ತಗೊಳಲ್ಲ. ಆದ್ರೆ ಪ್ರಿಂಟರ್ ಒಂದು ಮುಟ್ಬೇಡ. ಅದು ನನ್ನ ಹೆಂಡ್ತಿ ಥರ, ಯಾವಾಗ ಉಗಿಯುತ್ತೋ ನಂಗೇ ಗೊತ್ತಿಲ್ಲ.”

ದೋರ್ರಾಳ ಕಿವಿಯ ಹಿಂದೆ ಮಲ್ಲಿಗೆಯ ಪುಟ್ಟ ಕಟ್ಟೊಂದನ್ನು ಸಿಕ್ಕಿಸಿದ್ದಷ್ಟೇ ನೆಸ್ರಿನ್‌ಳ ಸ್ವಂತದ್ದು. ಏಳು ಬಿಳಿ ಚುಕ್ಕೆ, ಕೆಳಗೊಂದು ಹಸಿರು ಗೆರೆ. ಭಾನುವಾರ ಗೊಂಬೆಯನ್ನು ತಾಣಕ್ಕೆ ಹಾಕಿದಳು. ಹುಡುಗಿಯರು ಒಬ್ಬರ ಹಿಂದೊಬ್ಬರು ಮೆಚ್ಚಿ ಬರೆದರು. ಆ ನೆರಿಗೆ ಹೇಗೆ ಮಾಡಿದೆ ಎಂದು ಒಬ್ಬಳು ಕೇಳಿದಳು. ಲಿಯೋನಿನವಳು, ಮಲ್ಲಿಗೆ ಮಾತ್ರ ನಿನ್ನ ಕೈಯದು ಅನ್ನಿಸೋದಿಲ್ಲ, ಅವಸರ ಮಾಡಿದ್ದೀಯ ಎಂದಳು. ನೆಸ್ರಿನ್ ಎಲ್ಲವನ್ನೂ ಎರಡೆರಡು ಸಲ ಓದಿದಳು. ಮನೆಗೆ ಹೋಗಿ ಒಂದು ತಟ್ಟೆ ಕುಸ್‌ಕುಸ್ ಪೂರ್ತಿ ತಿಂದಳು. ಅತ್ತೆ ನೋಡುತ್ತಲೇ ಇದ್ದಳು.

ಮರುದಿನ ಸಂಜೆ ತಾಣದ ಮೊದಲ ಪುಟದಲ್ಲೇ ಎರಡು ಚಿತ್ರ ಅಕ್ಕಪಕ್ಕ ಇದ್ದವು. ಒಂದು ದೋರ್ರಾ. ಇನ್ನೊಂದು ಮೂರು ವರ್ಷದ ಹಿಂದಿನ ಬೇರೊಂದು ಗೊಂಬೆ. ಎರಡೂ ಗೌನಿನ ನೆರಿಗೆಗೆ ಕೆಂಪು ಗೆರೆ ಸುತ್ತಿದ್ದರು. ಚುಕ್ಕೆಗೆ ಚುಕ್ಕೆ ಒಂದೇ. ಆ ಹಳೆಯ ಗೊಂಬೆ ಮಾಯೆಲ್ ಎಂಬವಳದು. ಲಿಯೇಜಿನವಳು, ತಾಣವನ್ನು ನಡೆಸುವವಳು, ಸ್ಪರ್ಧೆಯ ತೀರ್ಪುಗಾರ್ತಿಯೂ ಅವಳೇ. ಕೂದಲು ಮಾಂಟ್ರಿಯಲ್‌ನ ಒಬ್ಬಳದು, ಕೈ ಇನ್ನೊಬ್ಬಳದು. ನೆರಿಗೆ ಕಲಿಯಲು, ಬೆರಳು ಕಲಿಯಲು ಶೈಮಾ ಇತರರ ಗೊಂಬೆಗಳನ್ನೂ ತನ್ನ ಕೋಶದಲ್ಲಿ ಕೂಡಿಟ್ಟುಕೊಂಡಿದ್ದಳು. ಅದು ಎಲ್ಲರೂ ಮಾಡುತ್ತಿದ್ದದ್ದು, ತಪ್ಪಲ್ಲ. ನೋಡಿ ಕಲಿಯಬಹುದು, ಕತ್ತರಿಸುವಂತಿಲ್ಲ. ಆ ಹುಡುಗಿಯರ ನಡುವೆ ಅದಕ್ಕಿಂತ ದೊಡ್ಡ ಪಾಪ ಇರಲಿಲ್ಲ. ಕದ್ದವಳ ಗೊಂಬೆಗಳನ್ನೆಲ್ಲ ಅಳಿಸಿ, ಹೆಸರನ್ನು ಕಳ್ಳರ ಪುಟಕ್ಕೆ ಸೇರಿಸುವುದು ಅವರ ನಿಯಮ.

ನೆಸ್ರಿನ್ ಆಗ ನಿಜ ಬರೆದಳು. ನಾನು ಅಕ್ಕ. ಶೈಮಾ ಸತ್ತು ಹೋಗಿದ್ದಾಳೆ. ಈ ಒಂದು ಗೊಂಬೆ ನಾನು ಮಾಡಿದ್ದು, ನನಗೆ ಗೊತ್ತಿರಲಿಲ್ಲ. ಇದೊಂದನ್ನು ತೆಗೆಯಿರಿ, ಉಳಿದದ್ದೆಲ್ಲ ಅವಳದೇ, ಅದನ್ನು ಬಿಟ್ಟುಬಿಡಿ.

ಉತ್ತರ ಬೇಗ ಬಂತು. ಬರೆದವಳು ಮಾಯೆಲ್:

“ನಾಲ್ಕು ವರ್ಷದಿಂದ ಈ ತಾಣ ನಡೆಸ್ತಿದೀನಿ. ಸಿಕ್ಕಿಬಿದ್ದವರೆಲ್ಲ ಮಾರನೇ ದಿನ ಸಾಯ್ತಾರೆ. ಅಕ್ಕನೋ ಅಣ್ಣನೋ ಬಂದು ಬರೀತಾರೆ. ನಿನಗಿಂತ ಮುಂಚೆ ಮೂವರು ಸತ್ತಿದ್ದಾರೆ, ಅದ್ರಲ್ಲಿ ಒಬ್ಬಳು ಎರಡು ಸಲ. ಹೋದ ವಾರ ‘ಹುಷಾರಿರಲಿಲ್ಲ, ಭಾನುವಾರಕ್ಕೆ ಕೊಡ್ತೀನಿ’ ಅಂದದ್ದು ಯಾರು, ಹೆಣಾನಾ?”

ಲಮ್ಜೆದ್ ಅದನ್ನು ಅವಳ ಹೆಗಲ ಮೇಲಿಂದ ಓದಿದ. ಅವನ ಮುಖ ಕೆಂಪಗಾಯಿತು. “ಸರ್ಕಾರದ ಕಾಗದ ಇದೆಯಲ್ಲ, ಮುದ್ರೆ ಹೊಡೆದಿದ್ದು. ತಗೊಂಬಾ. ಸ್ಕ್ಯಾನ್ ಮಾಡಿ ಆ ಹುಡುಗಿ ಮುಖದ ಮುಂದೆ ಹಿಡಿಯೋಣ,” ಎಂದ.

ಮರಣಪತ್ರ ಅಪ್ಪನ ಕೋಟಿನ ಒಳಜೇಬಿನಲ್ಲಿತ್ತು. ಅಪ್ಪ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಓಣಿಯಲ್ಲಿ ಹೋಗಿಬರುವ ಮೊಪೆಡ್‌ಗಳನ್ನು ನೋಡುತ್ತ ಕೂತಿದ್ದ. ಕಾಗದ ಬೇಕೆಂದಾಗ ಯಾಕೆ ಎಂದು ಕೇಳಲಿಲ್ಲ. ತೆಗೆದು ಕೊಟ್ಟು, “ಹೊಸ ಮಡಿಕೆ ಬೀಳ್ದಂಗೆ ನೋಡ್ಕೊ,” ಎಂದ.

ಅವಳು ಕಾಗದವನ್ನು ಎರಡು ಅಂಗೈ ಮೇಲೆ ಹಿಡಿದುಕೊಂಡೇ ಅಂಗಡಿಗೆ ಬಂದಳು. ಲಮ್ಜೆದ್ ಗಾಜು ಒರೆಸಿ ಸ್ಕ್ಯಾನ್ ಮಾಡಿದ. ತಂಗಿಯ ಹೆಸರು, ಊರು ಸ್ಫಾಕ್ಸ್, ವಯಸ್ಸು ಹದಿನೇಳು, ಪರದೆಯ ಮೇಲೆ ನೀಟಾಗಿ ಬಂತು. ನೆಸ್ರಿನ್ ಗುಪ್ತಪದ ಒತ್ತಿದಳು. ಈ ಹೆಸರನ್ನು ತಾಣದಿಂದ ತೆಗೆದುಹಾಕಲಾಗಿದೆ ಎಂದು ಬಂತು. ಮತ್ತೊಮ್ಮೆ ಒತ್ತಿದಳು. ಅದೇ ಬಂತು.

“ಹೊಸ ಹೆಸರಲ್ಲಿ ಒಳಗೆ ಹೋಗು,” ಎಂದ ಲಮ್ಜೆದ್.

“ಹೋಗಿ?”

ಯಾರೋ ಗಿರಾಕಿ ಕರೆದರು, ಅವನು ಹೋದ.

ಅವಳು ಕಡತಕೋಶ ತೆರೆದಳು. ನೂರಾರು ಸಣ್ಣ ಚಿತ್ರಗಳು ಪರದೆ ತುಂಬ ಹರಡಿಕೊಂಡವು. ಯಾವುದು ತಂಗಿಯದು, ಯಾವುದು ಇನ್ನೊಬ್ಬರದು ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಹೋಲಿಸಿ ನೋಡಲು ತಾಣದಲ್ಲಿ ಶೈಮಾಳ ಪುಟ ಇರಲಿಲ್ಲ. ಅದು ಮೊದಲಿದ್ದ ಜಾಗದಲ್ಲಿ ಬಿಳಿ ಚೌಕವೊಂದಿತ್ತು. ಕಳ್ಳರ ಪುಟದಲ್ಲಿ ಅವಳ ಹೆಸರು ಕೊನೆಯದಾಗಿತ್ತು, ಅಕ್ಷರ ಒಂದೂ ತಪ್ಪಿರಲಿಲ್ಲ. ನೆಸ್ರಿನ್ ಕಂಪ್ಯೂಟರ್ ಆರಿಸಿ, ಕಾಗದವನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚಿದಳು.

ತಾಣದಿಂದ ಅಳಿಸಿಹೋದದ್ದು ಶೈಮಾಳ ಹೆಸರಿನ ಐವತ್ತೆರಡು ಗೊಂಬೆ. ಅದರಲ್ಲಿ ಒಂಬತ್ತು ದೋರ್ರಾ.