ಮೀಮಿ ಆಂಟಿಗೆಂದು ಬೆಳೆಸಿದ ಗಿಡಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಹತ್ತೊಂಬತ್ತು ವರ್ಷ ದುಡಿದವಳು. ರಕ್ತ, ಕೀವು, ವಾಂತಿ ಎಲ್ಲ ನೋಡಿದ ಮಧ್ಯಾಹ್ನವೇ ಹೊಟ್ಟೆ ತುಂಬ ಉಂಡಿದ್ದೇನೆ. ಆದರೆ ಬಾಂಟ್‌ಹ್ಯೂವಲ್ ಬಡಾವಣೆಯ ನಮ್ಮ ಮನೆಯ ಹಿತ್ತಲ ಕೋಣೆಗೆ ಹೋಗಿಬಂದ ದಿನ ಒಂದು ತುತ್ತೂ ಇಳಿಯುತ್ತಿರಲಿಲ್ಲ.

ಆ ಕೋಣೆಯಲ್ಲಿ ನನ್ನ ತಮ್ಮ ಲೈನಲ್ ನಾಲ್ಕು ಗಾಂಜಾ ಗಿಡ ಬೆಳೆಸುತ್ತಿದ್ದ. ಮನೆಯೊಳಗೆ ಸ್ವಂತಕ್ಕೆ ಬೆಳೆದುಕೊಂಡರೆ ತಪ್ಪಿಲ್ಲ ಎಂದು ನಮ್ಮ ದೇಶದ ಕೋರ್ಟೇ ಹೇಳಿದ ಮೇಲೆ ನಮ್ಮ ಬೀದಿಯಲ್ಲಿ ಇದೇನೂ ಹೊಸತಲ್ಲ. ಅವನು ಮಾತ್ರ ತನ್ನದು ಪುಣ್ಯದ ಕೆಲಸವೆಂದು ಸಾರಿಕೊಂಡು ತಿರುಗುತ್ತಿದ್ದ. ಎದುರುಮನೆಯ ಮೀಮಿ ಆಂಟಿಗೆ ಹೊಟ್ಟೆಯ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಔಷಧಿ ಹಾಕಿಸಿಕೊಂಡು ಬಂದ ದಿನ ಏನು ತಿಂದರೂ ವಾಂತಿ. ಈ ಹೂವಿನ ಕಷಾಯ ಕುಡಿದರೆ ನಿಲ್ಲುತ್ತದೆ ಎಂದು ಇವನ ವಾದ. ಚರ್ಚಿನಲ್ಲಿ ಜನ ಅವನ ಕೈ ಕುಲುಕುತ್ತಿದ್ದರು.

ಗಿಡಗಳು ಹೂ ಬಿಡುವ ಹೊತ್ತಿಗೆ ಅವನು ಗೋಡೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಎರಡೂ ಮಣಿಕಟ್ಟು ಮುರಿದುಕೊಂಡ. ಗಿಡಗಳ ಚಾಕರಿ ನನ್ನ ಪಾಲಿಗೆ ಬಂತು.

ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಬಡಿದಿತ್ತು. ಬಿಸಿಲಿನ ಬದಲು ಗಿಡಗಳಿಗೆಂದು ಉರಿಸಿದ ದೀಪದ ಕಾವಿಗೆ ಗೋಡೆ ಬೆವರುತ್ತಿತ್ತು. ಗೊಬ್ಬರವೆಂದರೆ ಮೀನಿನ ಕರುಳು ಕೊಳೆಸಿದ ಕಂದು ರಸ. ನೀರಿಗೆ ಬೆರೆಸಿ ಕುಂಡಕ್ಕೆ ಸುರಿದರೆ ಮಣ್ಣಿನಿಂದ ನುಸಿ ಎದ್ದು ತುಟಿಗೆ ಅಂಟುತ್ತಿತ್ತು. ಲೈನಲ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಪ್ಪಣೆ ಕೊಡುತ್ತಿದ್ದ.

“ಇನ್ನೊಂದು ಜಗ್ ಹಾಕಕ್ಕ.”

“ನಿನ್ನೇದೇ ಇನ್ನೂ ಆರಿಲ್ಲ ಕಣೋ, ಬೆರಳಿಟ್ಟು ನೋಡ್ದೆ. ಎಲೆ ತುದಿ ಬೇರೆ ಸುಟ್ಟಂಗಾಗಿದೆ. ಗೊಬ್ಬರ ಜಾಸ್ತಿಯಾಗಿದೆ.”

“ಹಸಿವಿಗೆ ಹಂಗಾಗಿರೋದು. ಬೆಡ್‌ಶೀಟ್ ಒಗೆಯೋಳಿಗೆ ಗಿಡದ ಹಸಿವು ಏನು ಗೊತ್ತು? ಹಾಕು.”

ಬೈದುಕೊಂಡೇ ಹಾಕಿದೆ. ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಬೇಡ ಎಂದ, ಬಿಟ್ಟೆ. ಮೂರನೆಯ ವಾರಕ್ಕೆ ಆ ನೀರಿನ ಮೇಲೆ ಸಿಂಬಳದಂಥ ಲೋಳೆ ಕಟ್ಟಿತು. ಕುಂಡ ಎತ್ತಿದರೆ ಅಡಿಯ ತೂತುಗಳಿಂದ ಕಂದು ಬೇರುಗಳು ನೆನೆದ ಶ್ಯಾವಿಗೆಯಂತೆ ಜೋತುಬಿದ್ದಿದ್ದವು. ಮುಟ್ಟಿದರೆ ಸಿಪ್ಪೆ ಕಳಚಿ ಕೈಗೆ ಬಂದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ನಾತ ಉಗುರುಸಂದಿಯಲ್ಲಿ ಉಳಿಯಿತು.

ಒಂದು ಶನಿವಾರ ಬೆಳಗ್ಗೆ ದಪ್ಪನೆಯ ಹೂಗೊಂಚಲೊಂದನ್ನು ಬಿಡಿಸಿ ನೋಡಿದೆ. ಒಳಗೆ ಸತ್ತ ಇಲಿಯ ತುಪ್ಪಳದಂಥ ಬೂದು ಬೂಷ್ಟು. ಉಸಿರು ತಾಗಿದ್ದಕ್ಕೇ ಧೂಳಾಗಿ ಹಾರಿತು. ನಾಲ್ಕೂ ಗಿಡಗಳದ್ದು ಅದೇ ಗತಿ. ಲೈನಲ್‌ನನ್ನು ಕರೆದು ತೋರಿಸಿದೆ.

“ಕೆಟ್ಟಿದ್ದು ಕತ್ತರಿಸಿ ತೆಗಿ,” ಅಂದ. “ಉಳಿದಿದ್ದು ಒಣಗಿಸಿ ಆಂಟಿಗೆ ಕೊಟ್ರಾಯ್ತು.”

“ಬೂಷ್ಟು ಹಿಡಿದಿದ್ದನ್ನ? ಒಂದು ನೆಗಡಿ ತಡ್ಕೊಳ್ಳೋ ಶಕ್ತಿ ಅವರಿಗಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ.”

“ಆ ಔಷಧೀಲಿ ಅವಳ ಬಾಯಿರುಚಿ, ಮೂಗು ಎರಡೂ ಹೋಗಿದೆ ಅಕ್ಕ. ಗೊತ್ತೇ ಆಗಲ್ಲ.”

ಅದನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ನನಗೇ ಏನೋ ಉಪಕಾರ ಮಾಡುತ್ತಿದ್ದಾನೆ ಅನ್ನಿಸಬೇಕು. ಆಮೇಲೆ ಸೇರಿಸಿದ: “ಬೀದಿಗೆಲ್ಲ ಹೇಳ್ಕೊಂಡಿದ್ದೀನಿ. ಈಗ ಇಲ್ಲ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?”

ಅವನದು ನಮ್ಮಮ್ಮನ ಮುಖ, ಅದೇ ಮೂಗು, ಅದೇ ಗಲ್ಲ. ಅದನ್ನು ನೋಡಲಾಗದೆ ಗಿಡಗಳತ್ತ ತಿರುಗಿದೆ. ನಾಲ್ಕನ್ನೂ ಬುಡಸಮೇತ ಕಿತ್ತು ಕಸದ ಚೀಲಕ್ಕೆ ತುರುಕಿದೆ. ತಡೆಯಲು ಅವನಿಗೆ ಕೈ ಇರಲಿಲ್ಲ. ಬಾಗಿಲಿಗೆ ಒದ್ದ.

ಸೀದಾ ಮೀಮಿ ಆಂಟಿಯ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಆಂಟಿ ತೊಡೆಯ ಮೇಲೆ ಬಕೆಟ್ ಇಟ್ಟುಕೊಂಡು ಮಂಚಕ್ಕೆ ಒರಗಿದ್ದರು.

“ನಾನ್ಯಾವತ್ತು ಕೇಳಿದ್ದೆ ಆ ಕಷಾಯಾನ?” ಅಂದರು. “ಅವನೇ ದಿನಾ ಬಂದು ‘ನಿಮಗೋಸ್ಕರ ಆಂಟಿ, ನಿಮಗೋಸ್ಕರ’ ಅಂತಿದ್ದ. ಬೇಡ ಅಂದ್ರೆ ನೊಂದ್ಕೋತಾನೆ ಅಂತ ಸುಮ್ನಿದ್ದೆ. ಶುಂಠಿ ಇದ್ರೆ ಒಂಚೂರು ನೀರು ಕಾಸ್ಕೊಡ್ತೀಯಾ?”

ಕಾಸಿಕೊಟ್ಟೆ. ಅರ್ಧ ಲೋಟ ಹೊಟ್ಟೆಯಲ್ಲಿ ನಿಂತಿತು.

ಅಕ್ಕ ನೀರು ಹಾಕೀ ಹಾಕೀ ಗಿಡ ಕೊಂದಳು ಎಂದು ಲೈನಲ್ ಬೀದಿಗೆಲ್ಲ ಹೇಳಿದ. ನೀರು ಹಾಕಿದ್ದಂತೂ ನಾನೇ. ಆ ವಾರವೇ ಅವನು ಗೆಳೆಯನ ಮನೆಗೆ ಹೊರಟುಹೋದ.

ಈಸ್ಟರಿಗೆ ಬಂದಿದ್ದ. ಮಸಾಲೆ ಮೀನು, ಬನ್ನು ಬಡಿಸಿದೆ, ತಿಂದ. ಕೈ ಚೆನ್ನಾಗಿ ಕೂಡಿಕೊಂಡಿತ್ತು. ಉಂಡ ಮೇಲೆ ತಾನೇ ಚಹಾ ಮಾಡಿ ನನಗೂ ಒಂದು ಕಪ್ ತಂದುಕೊಟ್ಟ. ತುಟಿಯ ಹತ್ತಿರ ತಂದಾಗ ಅವನ ‘ಗೊತ್ತೇ ಆಗಲ್ಲ’ ನೆನಪಾಯಿತು. ಅವನು ಕಕ್ಕಸಿಗೆ ಹೋದಾಗ ಅದನ್ನು ಸಿಂಕಿಗೆ ಸುರಿದು ಕಪ್ ತೊಳೆದಿಟ್ಟೆ.