ಹಲ್ಲು ಕೀಳೋ ಕಾನೂನು

"ಕುರ್ಚೀನ ಯಾರೂ ಮುಟ್ಟಿಲ್ಲ ಮೇಡಂ, ಕೂತ್ಕೊಳ್ಳಿ. ಫ್ಯಾನ್ ಹಾಕ್ಸಲಾ? ಸಹಿ ಒಂದು ಮಾತ್ರ ಇನ್ಮೇಲೆ ನಂದು," ಎಂದ ಆಫೀಸರ್. ಗುಮಾಸ್ತರು ಕಿಸಕ್ಕನೆ ನಕ್ಕರು.

ಮೇಡಂ ಎಂದರೆ ನನ್ನ ಅಕ್ಕ, ಪುರಸಭೆಯ ಅಧ್ಯಕ್ಷೆ. ಮೊನ್ನೆ ಮೊನ್ನೆಯವರೆಗೆ ಇದೇ ಕಟ್ಟಡದ ಕಕ್ಕಸು ತೊಳೆಯುತ್ತಿದ್ದವಳು. ಒಳಚರಂಡಿಯ ಗುಂಡಿಗೆ ಇಳಿದ ಭಾವ ಹೆಣವಾಗಿ ಮೇಲೆ ಬಂದ ಮೇಲೆ ಹಟ ತೊಟ್ಟು ಚುನಾವಣೆಗೆ ನಿಂತಳು. ಗೆದ್ದು ಹಾಕಿದ ಮೊದಲ ಸಹಿಯೇ ಗುಂಡಿಗೆ ಮನುಷ್ಯರು ಇಳಿಯಕೂಡದು, ಯಂತ್ರದ ಗಾಡಿ ತರಿಸಬೇಕು ಎಂದು. ಅಂದಿನಿಂದ ನಾನೂ ಇಳಿದಿಲ್ಲ. ಮೈಯ ನಾತ ಹೋಗಿ, ಮಗಳು ನನ್ನ ತೊಡೆಯ ಮೇಲೆ ಮಲಗುವಂತಾಗಿತ್ತು.

ಇಲ್ಲಿ ಸೋತವರ ಪಕ್ಷ ರಾಜಧಾನಿಯಲ್ಲಿ ಗದ್ದುಗೆ ಮೇಲಿತ್ತು. ಒಂದೇ ಮಧ್ಯಾಹ್ನದಲ್ಲಿ ಕಾನೂನು ಮಾಡಿ ಅಧ್ಯಕ್ಷರ ಅಧಿಕಾರವನ್ನೆಲ್ಲ ಆಫೀಸರನ ಕೈಗಿಟ್ಟರು. ರಾಜಕೀಯದವರ ಬಾಯಲ್ಲಿ ಇದಕ್ಕೆ 'ಹಲ್ಲು ಕೀಳೋ ಕಾನೂನು' ಎಂದು ಹೆಸರು. ಎದುರಾಳಿ ಗೆದ್ದ ಕುರ್ಚಿಗೆಲ್ಲ ಹೀಗೇ ಮಾಡುತ್ತಾರಂತೆ. ತಾವು ಕೂತಿದ್ದಾಗ ಅದೇ ಕುರ್ಚಿಗೆ ಬಾಯಿ ತುಂಬ ಹಲ್ಲಿತ್ತು, ಸೂಳೆಮಕ್ಕಳಿಗೆ.

ಆಫೀಸರ್ ನನ್ನ ಕಡೆ ತಿರುಗಿದ. "ಯಂತ್ರದ ಗಾಡಿ ವಾಪಸ್ ಕಳ್ಸಿದೀನಿ, ದಂಡದ ಖರ್ಚು. ಛತ್ರದ ಹಿಂದಿನ ಗುಂಡಿ ಕಟ್ಕೊಂಡಿದೆ. ನಾಳೆ ಹಳೇ ಅಧ್ಯಕ್ಷರ ಮಗಳ ಮದುವೆ. ಹೋಗಿ ಇಳಿಯೋ."

"ಭಾವ ಸತ್ತಿದ್ದು ಅದ್ರಲ್ಲೇ ಸಾರ್."

"ಅವ್ನು ಕುಡ್ದು ಇಳ್ದಿದ್ದ."

ಕುಡಿಯದೆ ಅದರೊಳಗೆ ಯಾವನು ಇಳಿಯುತ್ತಾನೆ?

ಅಕ್ಕ ಎದ್ದು ನಡೆದಳು. ಹಿಂದೆಯೇ ನಾನೂ ಹೋದೆ. ಛತ್ರದ ಹಿಂದೆ ಗುಂಡಿಯ ಮುಚ್ಚಳದ ಸಂದಿಯಿಂದ ಕರಿ ನೀರು ಉಕ್ಕುತ್ತಿತ್ತು. ಅವಳು ಅದರ ಮೇಲೆಯೇ ಕುಕ್ಕರಿಸಿದಳು.

"ಯಾವನ್ನ ಇಳಿಸ್ತಾನೋ ನೋಡೇ ಬಿಡ್ತೀನಿ. ಬಾರೋ, ಕೂತ್ಕೋ."

ಕೂತೆ. ಕೂತಾಗ ಧೈರ್ಯ ಬಂತು, ಸುಳ್ಳು ಯಾಕೆ ಹೇಳಲಿ.

ಸಂಜೆಯ ಹೊತ್ತಿಗೆ ಆಫೀಸರ್ ಬೇರೆ ಊರಿನ ಇಬ್ಬರನ್ನು ಜೀಪಿನಲ್ಲಿ ತಂದು ಇಳಿಸಿದ. ಸೊಂಟಕ್ಕೆ ಆಗಲೇ ಹಗ್ಗ ಬಿಗಿದುಕೊಂಡಿದ್ದರು. ಅವರಲ್ಲಿ ವಯಸ್ಸಾದವನು ಹಾರೆ ಹಿಡಿದು ಅಕ್ಕನ ಮುಂದೆ ಬಂದು ನಿಂತ.

"ಎದ್ದೇಳವ್ವಾ."

"ಇಳಿದ್ರೆ ಸಾಯ್ತೀಯ ಕಣಣ್ಣಾ. ನನ್ನ ಗಂಡ ಇದ್ರಲ್ಲೇ ಸತ್ತ."

"ಗೊತ್ತು. ಬರ್ತಾ ಜೀಪಲ್ಲಿ ಹೇಳಿದ್ರು." ಅವನು ಅವಳ ಮುಖ ನೋಡಲಿಲ್ಲ. "ಮನೇಲಿ ಒಲೆ ಹಚ್ಚಿಲ್ಲ ತಾಯಿ. ಇವತ್ತು ಏನಾದ್ರೂ ತರ್ತೀನಿ ಅಂತ ಮಕ್ಳಿಗೆ ಹೇಳಿ ಬಂದಿದೀನಿ. ಏಳು."

ಆಫೀಸರನನ್ನು ಬಯ್ಯಲು ನನ್ನ ಬಾಯಲ್ಲಿ ಮಾತು ಬೇಕಾದಷ್ಟಿತ್ತು. ಇವನಿಗೆ ಏನು ಹೇಳುವುದು? ಅಕ್ಕ ಅಳುತ್ತಿದ್ದಳು, ಆದರೆ ಏಳಲಿಲ್ಲ.

ಅವನು ಬಗ್ಗಿ ಹಾರೆಯ ತುದಿಯನ್ನು ಮುಚ್ಚಳದ ಸಂದಿಗೆ ತುರುಕಿದ.

"ಮೀಟ್ಬೇಡ ಕಣಣ್ಣಾ," ಎಂದೆ.

ಮೀಟಿದ. ನಮ್ಮಿಬ್ಬರನ್ನೂ ಹೊತ್ತುಕೊಂಡೇ ಮುಚ್ಚಳ ಒಂದು ಬದಿಗೆ ಮೇಲೆದ್ದಿತು.