ಅಲುಗಾಡಬೇಡಿ ಸರ್

ಕೃಷ್ಣಪ್ರಸಾದ್ ಡಬ್ಬಿಯ ಮುಚ್ಚಳ ಎಬ್ಬಿಸಿದರೆ ಒಳಗೆ ಫೋಟೋ ಇರಲಿಲ್ಲ, ರಬ್ಬರುಗಳಿದ್ದವು. ಬಿಳಿಯವು, ಹಸಿರು ಅಂಚಿನವು, ಹಲ್ಲಿನಲ್ಲಿ ಕಚ್ಚಿದ್ದು, ಬ್ಲೇಡಿನಲ್ಲಿ ಹೆಸರು ಕೊರೆದದ್ದು. ಬಿಸ್ಕತ್ತಿನ ದೊಡ್ಡ ಡಬ್ಬಿ ತುಂಬ ಬರೀ ರಬ್ಬರು. ಅದನ್ನು ಮಂಚದ ಮೇಲೆ ಕುಕ್ಕಿ ಅವರು ಕಪಾಟಿನ ಕೆಳಗಿನ ಅರೆಗೆ ಕೈ ಹಾಕಿದರು.

“ಎಂತ ಅತ್ತಿಗೆ ಇದು? ಮನೆಯಲ್ಲಿ ಅಣ್ಣನದ್ದು ಒಂದು ಸರಿಯಾದ ಫೋಟೋ ಇಲ್ವಾ?”

“ಇದ್ದದ್ದೆಲ್ಲ ಅಲ್ಲೇ ಉಂಟು,” ಎಂದರು ಬಾಗಿಲಲ್ಲಿ ನಿಂತಿದ್ದ ಪ್ರಭಾವತಿ.

ಇದ್ದದ್ದೆಲ್ಲ ಎಂದರೆ ನಾಲ್ಕಾರು. ಮದುವೆಯ ಫೋಟೋದಲ್ಲಿ ಮದುಮಗ ಹಿಂದಕ್ಕೆ ಹೊರಳಿ ಯಾರನ್ನೋ ಕರೆಯುತ್ತಿದ್ದಾನೆ, ಮುಖ ಇರಬೇಕಾದಲ್ಲಿ ಮಸುಕು. ಕಾಲೇಜಿನ ವಾರ್ಷಿಕೋತ್ಸವದ್ದರಲ್ಲಿ ಕೈ ಮಾತ್ರ ಸ್ಪಷ್ಟ. ಮತದಾರರ ಗುರುತಿನ ಚೀಟಿಯಲ್ಲಿ ಒಂದು ಕಿವಿ, ಸ್ವಲ್ಪ ಕೂದಲು. ಆ ಕಿವಿಯನ್ನು ನಂಬಿ ಮತಗಟ್ಟೆಯವರು ಪ್ರತಿ ಸಲ ಅವರನ್ನು ಒಳಗೆ ಬಿಟ್ಟಿದ್ದರು. ಕಲಾಶಾಲೆಯ ದಾಮೋದರ ಮಾಸ್ಟ್ರೆಂದರೆ ಕುಳಿತಲ್ಲಿ ಒಂದು ಗಳಿಗೆ ಕೂರಲಾಗದ ಮನುಷ್ಯ. ನಿನ್ನೆ ಊಟ ಮಾಡಿ ಮಲಗಿದವರು ಇವತ್ತು ಬೆಳಗ್ಗೆ ಏಳಲಿಲ್ಲ. ಈಗ ಚಾವಡಿಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ನೆಟ್ಟಗೆ ಮಲಗಿದ್ದರು. ಅವರೊಬ್ಬರನ್ನು ಬಿಟ್ಟು ಕಡಿಯಾಳಿಯ ಆ ಮನೆಯಲ್ಲಿದ್ದ ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅಜೆಕಾರಿನಿಂದ ದೊಡ್ಡಕ್ಕ ಬರಬೇಕಿತ್ತು. ಅವರು ಬರುತ್ತಿದ್ದ ಬಸ್ಸು ಕಾರ್ಕಳದಲ್ಲಿ ಕೆಟ್ಟು ನಿಂತಿದೆಯೆಂದು ಫೋನು ಬಂದಿತ್ತು. ಕರೆತರಲು ಕಾರು ಹೋಗಿತ್ತು. ಅವರು ಬಂದು ತಮ್ಮನ ಮುಖ ನೋಡಿದ ಕೂಡಲೇ ಎತ್ತುವುದೆಂದು ತೀರ್ಮಾನ. ಹೆಣ ಎತ್ತುವ ತನಕ ಅಕ್ಕಪಕ್ಕದಲ್ಲಿ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ ಗೇಟಿನಾಚೆ ನಿಂತವರ ಮುಖದಲ್ಲಿ ದುಃಖಕ್ಕಿಂತ ಹಸಿವಿನ ಸಿಡುಕೇ ಹೆಚ್ಚಿತ್ತು. ಪೇಪರಿನವರು ಬೇರೆ ಫೋಟೋ ಕೇಳುತ್ತಿದ್ದರು. ಮಕ್ಕಳಿಲ್ಲದ ಅಣ್ಣನಿಗೆ ಕೊಳ್ಳಿ ಇಡಬೇಕಾದ ಕೃಷ್ಣಪ್ರಸಾದರು ಒದ್ದೆ ಪಂಚೆಯಲ್ಲೇ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು.

ಆಗ ಮಣಿಪಾಲದಿಂದ ವಿಭಾ ಬಂದಳು. ಮಾಸ್ಟ್ರ ಹಳೆಯ ವಿದ್ಯಾರ್ಥಿನಿ. ಅವಳು ಅವರ ಕಾಲಿಗೆ ನಮಸ್ಕರಿಸಿ ಏಳುವಷ್ಟರಲ್ಲಿ ಪ್ರಭಾವತಿ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದರು.

“ವಿಭಾ, ಒಂದು ಉಪಕಾರ ಮಾಡ್ತೀಯಾ? ನನಗೆ ಇವರ ಮುಖ ಬೇಕು. ನಾಳೆಯಿಂದ ನೋಡಲಿಕ್ಕೆ ಎಂತದೂ ಇಲ್ಲ ನನ್ನ ಹತ್ತಿರ. ನೀನು ಬರೆದುಕೊಡು. ಈಗ ಅಲುಗಾಡುವುದಿಲ್ಲ ಇವರು.”

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತಾಗಿ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅಮ್ಮ, ನಾನು ಮುಖ ಬರೆಯುವುದು ಬಿಟ್ಟು ಎಷ್ಟೋ ವರ್ಷ ಆಯ್ತು.”

“ನೀನು ಹೃದಯ ಬರೆಯುವವಳು ಮಾರಾಯ್ತಿ, ಮುಖ ಬರುವುದಿಲ್ವಾ?” ಎಂದರು ತಾರಾನಾಥ. ಅದೇ ಕಲಾಶಾಲೆಯಲ್ಲಿ ಮಣ್ಣಿನ ಕೆಲಸ ಕಲಿಸುತ್ತಿದ್ದವರು, ದಾಮೋದರರ ಗೆಳೆಯರು. “ಅಕ್ಕ ಬರುವುದರೊಳಗೆ ಮುಗಿಸು. ಬಂದ ಮೇಲೆ ಯಾರೂ ಕಾಯುವುದಿಲ್ಲ.”

ಕೋಣೆಯಿಂದ ಹಾಳೆ, ಪೆನ್ಸಿಲ್ಲು ಬಂದವು. ಅವನ್ನು ತೆಗೆದುಕೊಳ್ಳುವಾಗ ವಿಭಾಗೆ ಒಳಗಿನ ಮಂಚದ ಮೇಲಿದ್ದ ಡಬ್ಬಿ ಕಣ್ಣಿಗೆ ಬಿತ್ತು.

*

ತೊಂಬತ್ತೆಂಟರಲ್ಲಿ ಅವಳು ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಳು. ಮುಖ ಬರೆಯುವ ತರಗತಿಗೆ ಹೊರಗಿನಿಂದ ಯಾರನ್ನಾದರೂ ಕರೆಸಿ ಕೂರಿಸುವ ಅನುಕೂಲ ಕಾಲೇಜಿಗೆ ಇರಲಿಲ್ಲ. ದಾಮೋದರ ಮಾಸ್ಟ್ರೇ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೂರುತ್ತಿದ್ದರು ಎನ್ನುವುದು ದೊಡ್ಡ ಮಾತು. ಕಿವಿ ತಿಕ್ಕುವರು, ಕಿಟಕಿಗೆ ತಿರುಗುವರು, ಕಾಲ ಮೇಲೆ ಕಾಲು ಹಾಕಿ ಮರುಕ್ಷಣ ಇಳಿಸುವರು. ಅದಕ್ಕೆ ಮೊದಲೇ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತು ಎಲ್ಲರ ರಬ್ಬರನ್ನೂ ಹಾಕಿಸಿಕೊಂಡಿರುತ್ತಿದ್ದರು, ತಿರುಗಿ ಕೊಡುವ ಅಭ್ಯಾಸ ಇರಲಿಲ್ಲ. ಅವರು ಅಲುಗಾಡಿದರೆ ಹಳೆಯ ಮೂಗನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಮೂಗು ಬರೆಯಬೇಕು. ದಾಮೋದರನ ತರಗತಿಯಲ್ಲಿ ಪಾಸಾದವರು ರಾವಣನ ಚಿತ್ರ ಮಾತ್ರ ಬರೆದಾರು ಎಂದು ತಾರಾನಾಥ ಎಲ್ಲರ ಎದುರು ತಮಾಷೆ ಮಾಡುತ್ತಿದ್ದರು.

“ಅಲುಗಾಡಬೇಡಿ ಸರ್,” ಎಂದು ಒಂದು ದಿನ ವಿಭಾ ಹೇಳಿಯೇಬಿಟ್ಟಳು.

“ಯಾಕೆ? ನಾನೆಂತ ಹೂಜಿಯಾ?”

“ಬರೆದ ಗೆರೆ ತಪ್ಪಾಗ್ತದೆ.”

“ತಪ್ಪಲ್ಲ ಅದು. ನೀನು ಆ ಗೆರೆ ಎಳೆಯುವಾಗ ನಾನು ಅಲ್ಲಿದ್ದೆ. ಈಗ ಇಲ್ಲಿದ್ದೇನೆ. ಎರಡನ್ನೂ ಇಟ್ಟುಕೋ.”

ಅವಳಿಗೆ ಅದು ಒಗ್ಗಲಿಲ್ಲ. ಅವಳಿಗೆ ಅಚ್ಚುಕಟ್ಟು ಬೇಕು. ರಜೆಯಿಡೀ ಮನೆಯಲ್ಲಿ ಕೂತು, ಅಳಿಸಿ ಅಳಿಸಿ ತಿದ್ದಿ, ಮಾಸ್ಟ್ರ ಮುಖವನ್ನು ಒಂದು ಗೆರೆಯೂ ಹೆಚ್ಚಿಲ್ಲದಂತೆ ಬರೆದಳು. ತರಗತಿಯನ್ನು ಅವರು ಕಾಪುವಿನ ಕಡಲಿಗೆ ಕರೆದುಕೊಂಡು ಹೋಗಿ, ತೆರೆಗಳನ್ನು ಬರೆಯಿರಿ ಎಂದು ದೀಪಸ್ತಂಭದ ಬಂಡೆಯ ಕೆಳಗೆ ಕೂರಿಸಿದ ದಿನ, ಆ ಹಾಳೆಯನ್ನು ಅವರ ಮುಂದೆ ಹಿಡಿದಳು. ಅವರು ನಿಂತು ನೋಡಿದರು. ಅವರು ಅಷ್ಟು ಹೊತ್ತು ನಿಂತದ್ದನ್ನು ಅವಳು ಕಂಡಿರಲಿಲ್ಲ.

“ಕೈ ಒಳ್ಳೆಯದುಂಟು ನಿನಗೆ. ಇದನ್ನು ಜೋಪಾನವಾಗಿ ಇಡು. ನಾನು ಹೋದ ದಿನ ತಂದು ಕೊಡು, ಆವತ್ತು ಸರಿಯಾಗಿ ಹೊಂದುತ್ತದೆ.”

ಸುತ್ತಲಿನವರೆಲ್ಲ ನಕ್ಕರು. ಮಾಸ್ಟ್ರೂ ನಕ್ಕು, ಆಗಲೇ ಇನ್ನೊಬ್ಬನ ಹಾಳೆಯ ಮೇಲೆ ಬಗ್ಗಿದ್ದರು. ವಿಭಾ ಬಂಡೆಯ ಆಚೆ ಹೋಗಿ ಚಿತ್ರವನ್ನು ಹರಿದು ನೀರಿಗೆ ಹಾಕಿದಳು. ಆ ಅವಮಾನ ಹೊಟ್ಟೆಯಲ್ಲಿ ಹಾಗೇ ಕೂತಿತು. ಓದು ಮುಗಿಸಿ ಮಣಿಪಾಲದಲ್ಲಿ ವೈದ್ಯಕೀಯ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಹಿಡಿದಳು. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಎಲ್ಲ ಮೇಜಿನ ಮೇಲೆ ಇಟ್ಟಲ್ಲೇ ಇರುತ್ತಿದ್ದವು. ಮಾಸ್ಟ್ರು ಎಲ್ಲಿ ಸಿಕ್ಕಿದರೂ “ಮುಖ ಬರೀತಿದ್ದೀಯಾ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಕಿವಿ ತಿಕ್ಕಿಕೊಳ್ಳುತ್ತ ಹೊರಟುಬಿಡುತ್ತಿದ್ದರು. ಒಮ್ಮೆಯಾದರೂ ಅವಳು ಹೌದು ಎನ್ನಬಹುದಿತ್ತು.

*

ವಿಭಾ ಡಬ್ಬಿಯಿಂದ ಒಂದು ರಬ್ಬರು ತೆಗೆದುಕೊಂಡು ತಲೆದೆಸೆಯ ಹತ್ತಿರ ಕುಳಿತಳು.

ಎದುರಿಗಿದ್ದದ್ದು ಅಲುಗಾಡುತ್ತಿರಲಿಲ್ಲ. ದಿನಾ ಮಾಡುವ ಕೆಲಸವೇ ಅಲ್ಲವೇ ಇದು. ಹಣೆ, ಮುಚ್ಚಿದ ರೆಪ್ಪೆ, ಮೂಗಿನ ಏಣು, ಗಲ್ಲದ ಗುಳಿ. ತಪ್ಪಿದ ಕಡೆ ಅಳಿಸಿ ತಿದ್ದಿದಳು. ಹರಿದು ನೀರಿಗೆ ಹಾಕಿದ್ದ ಚಿತ್ರವೇ ಮರಳಿ ಹಾಳೆಯ ಮೇಲೆ ಬಂದು ಕೂತಿತು, ಕಣ್ಣು ಮುಚ್ಚಿದ್ದೊಂದನ್ನು ಬಿಟ್ಟರೆ. ಅದು ಅಷ್ಟು ಸಲೀಸಾಗಿ ಬಂದದ್ದು ಅವಳಿಗೆ ಹೆದರಿಕೆ ಹುಟ್ಟಿಸಿತು.

“ಅಣ್ಣನೇ,” ಎಂದರು ಕೃಷ್ಣಪ್ರಸಾದ್. “ಪೇಪರಿಗೂ ಇದನ್ನೇ ಕೊಡುವ.”

ಪ್ರಭಾವತಿ ಹಾಳೆಯನ್ನು ನೋಡಿದರು, ಕೆಳಗೆ ಮಲಗಿದ್ದವರನ್ನು ನೋಡಿದರು, ಮತ್ತೆ ಹಾಳೆಯನ್ನು ನೋಡಿದರು.

“ಚಂದ ಉಂಟು ಮಗಳೇ. ಇವರ ಹಾಗೆಯೇ ಉಂಟು. ಆದರೆ ನಾನು ಇವರನ್ನು ಇಷ್ಟು ಸುಮ್ಮನೆ ನೋಡಿದ್ದು ಇವತ್ತು ಒಂದೇ ದಿನ.”

ಅವರು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ವಿಭಾಗೆ ಕಾಪುವಿನ ಮಾತು ನೆನಪಾಯಿತು. ಮಾಸ್ಟ್ರು ತಮಾಷೆ ಮಾಡಿರಲಿಲ್ಲ, ಇದ್ದದ್ದನ್ನು ಹೇಳಿದ್ದರು ಅಷ್ಟೆ.

“ಕಾರು ಮಣಿಪಾಲ ದಾಟಿತಂತೆ,” ಎಂದು ಅಂಗಳದಿಂದ ಯಾರೋ ಕೂಗಿ ಹೇಳಿದರು. ಚಟ್ಟ ಕಟ್ಟುತ್ತಿದ್ದವರು ಎದ್ದು ನಿಂತರು.

ವಿಭಾ ಕೋಣೆಗೆ ಹೋಗಿ ರಬ್ಬರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಹೊಸ ಹಾಳೆ ತಂದು, ಮಲಗಿದ್ದವರಿಗೆ ಬೆನ್ನು ಹಾಕಿ ಕುಳಿತಳು.

“ಅಮ್ಮ, ಬೆಳಗ್ಗೆ ಸರ್ ಕಾಫಿಗೆ ಕಾಯುವಾಗ ಹೇಗೆ ಕೂರುತ್ತಿದ್ದರು?”

“ಹೇಗೆ ಅಂದರೆ?”

“ತೋರಿಸಿ.”

ಚಾವಡಿಯ ಮೂಲೆಯಲ್ಲಿ ಮಾಸ್ಟ್ರ ಬೆತ್ತದ ಕುರ್ಚಿ ಇತ್ತು. ಪ್ರಭಾವತಿ ಅದರಲ್ಲಿ ಯಾವತ್ತೂ ಕೂತವರಲ್ಲ. ಗಂಡನ ಹೆಣದ ಎದುರು ಹೋಗಿ ಅದರಲ್ಲಿ ಕೂತಾಗ ಹೆಂಗಸರು ಮುಖ ಮುಖ ನೋಡಿಕೊಂಡರು.

“ಅತ್ತಿಗೆ, ಎಂತ ಇದು?” ಎಂದರು ಕೃಷ್ಣಪ್ರಸಾದ್.

“ಸುಮ್ಮನಿರು ಪ್ರಸಾದ.” ಅವರು ಕಿವಿ ತಿಕ್ಕಿದರು. “ಹೀಗೆ. ಆಮೇಲೆ ಪೇಪರು ತೆಗೆಯುವುದು, ಓದುವುದಿಲ್ಲ, ಕಿಟಕಿಗೆ ತಿರುಗುವುದು. ಹಾಲಿನವ ಬಂದನಾ ಅಂತ ಕೇಳುವುದು. ಕಾಲು ಹೀಗೆ. ಸ್ವಲ್ಪ ಕೂತುಕೊಳ್ಳಿ, ಕಾಫಿ ತರ್ತೇನೆ ಅಂತ ಒಳಗೆ ಹೋದರೆ, ನಾನು ಬರುವಾಗ ಕುರ್ಚಿ ಖಾಲಿ. ಸ್ವಲ್ಪ ಕೂತುಕೊಳ್ಳಿ, ಸ್ವಲ್ಪ ಕೂತುಕೊಳ್ಳಿ ಅಂತ ಹೇಳಿ ಹೇಳಿಯೇ ನನ್ನ ಆಯುಷ್ಯ ಹೋಯಿತು.”

ಬೆಳಗ್ಗಿನಿಂದ ಅಳದೆ ಇದ್ದವರು ಅಳತೊಡಗಿದರು. ಅಳುತ್ತಲೇ ಕಿವಿ ತಿಕ್ಕಿದರು, ತಿರುಗಿದರು, ಕಾಲು ಇಳಿಸಿದರು. ವಿಭಾಳ ಪೆನ್ಸಿಲ್ಲು ಅವರ ಹಿಂದೆಯೇ ಓಡಿತು. ಮಾಸ್ಟ್ರ ಒಂದು ತಲೆ ಬರೆದು ಮುಗಿಯುವ ಮೊದಲೇ ಇನ್ನೊಂದು. ಕಿವಿಗೆ ಹೋದ ಕೈ, ಮೊಣಕಾಲಿಗೆ ಇಳಿದ ಕೈ. ಯಾವುದನ್ನೂ ಅಳಿಸಲಿಲ್ಲ. ಅಂಗಳದಲ್ಲಿ ಕಾರು ನಿಂತ ಸದ್ದಾಯಿತು, ದೊಡ್ಡಕ್ಕನ ಗೋಳು ಒಳಗೆ ಬಂತು. ಆಗ ಅವಳು ಪೆನ್ಸಿಲ್ಲು ಕೆಳಗಿಟ್ಟಳು.

“ಒಂದು ಮುಖಕ್ಕೆ ಮೂರು ಮೂಗಾ?” ಎಂದರು ಕೃಷ್ಣಪ್ರಸಾದ್.

ತಾರಾನಾಥ ಬಗ್ಗಿ ನೋಡಿದರು. ಹಳೆಯ ತಮಾಷೆಗೆಂದು ಬಾಯಿ ತೆರೆದವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಪ್ರಭಾವತಿ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

“ಇವರು,” ಎಂದರು.

ಚಟ್ಟಕ್ಕೆ ಕಟ್ಟುವ ಮೊದಲು ವಿಭಾ ಅಚ್ಚುಕಟ್ಟಾದ ಮೊದಲನೆಯ ಚಿತ್ರವನ್ನು ಮಡಚಿ ಮಾಸ್ಟ್ರ ಎದೆಯ ಮೇಲಿನ ಬಟ್ಟೆಯೊಳಗೆ ಸೇರಿಸಿದಳು.

“ಅಯ್ಯೋ, ಪೇಪರಿಗೆ ಬೇಕಲ್ಲ ಅದು,” ಎಂದರು ಕೃಷ್ಣಪ್ರಸಾದ್.

“ಸರ್ ಕೇಳಿದ್ದರು,” ಎಂದಳು.

“ಪೇಪರಿಗೆ ಹೆಸರು ಸಾಕು,” ಎಂದರು ಪ್ರಭಾವತಿ.

ಗಂಡಸರು ಗೇಟು ದಾಟಿದರು. ಹೆಂಗಸರು ನೀರು ಹೊಯ್ದು ಚಾವಡಿ ತೊಳೆಯತೊಡಗಿದರು. ವಿಭಾ ಬೆತ್ತದ ಕುರ್ಚಿಯನ್ನು ನೀರು ತಾಗದ ಕಡೆಗೆ ಎಳೆದು, ಚಿತ್ರವನ್ನು ಅದರ ಮೇಲೆ ಇಟ್ಟಳು. ಫ್ಯಾನಿನ ಗಾಳಿಗೆ ಹಾಳೆ ಎದ್ದಿತು. ಪ್ರಭಾವತಿ ಹಿಡಿದು ಕೂರಿಸಿದರು, ಮತ್ತೆ ಎದ್ದಿತು. ಒಳಗಿನಿಂದ ರಬ್ಬರಿನ ಡಬ್ಬಿ ತಂದು ಒಂದು ಮೂಲೆಯ ಮೇಲೆ ಹೇರಿದರು.

“ಸ್ವಲ್ಪ ಕೂತುಕೊಳ್ಳಿ,” ಎಂದರು.

ಉಳಿದ ಮೂಲೆಗಳು ಪಟಪಟ ಅಲುಗಾಡುತ್ತಲೇ ಇದ್ದವು.